ಡೇವಿಡ್ ಮಾರ್ಷಲ್ ವಿಲಿಯಮ್ಸ್

ಡೇವಿಡ್ ಮಾರ್ಷಲ್ ವಿಲಿಯಮ್ಸ್ (13 ನವೆಂಬರ್ 1900 – 8 ಜನವರಿ 1975) ಅಮೆರಿಕ ಸಂಯುಕ್ತ ಸಂಸ್ಥಾನದ ಬಂದೂಕು ವಿನ್ಯಾಸಕ. ಕಾರ್ಬೈನ್ ವಿಲಿಯಮ್ಸ್ ಎಂಬ ಹೆಸರಿನಿಂದಲೇ ಇವರು ಹೆಚ್ಚು ಪರಿಚಿತರು. ಅರೆ-ಸ್ವಯಂಚಾಲಿತ ಬಂದೂಕುಗಳಲ್ಲಿ ಬಳಕೆಯಾಗುವ ತೇಲುವ ಚೇಂಬರ್ ಹಾಗೂ ಗಿಡ್ಡ ಚಲನೆಯ ಅನಿಲ ಪಿಸ್ಟನ್ ಇವರ ಮುಖ್ಯ ಕೊಡುಗೆಗಳು. ಎರಡನೆಯದನ್ನು ದ್ವಿತೀಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಎಂ1 ಕಾರ್ಬೈನ್‌ನಲ್ಲಿ ಅಳವಡಿಸಲಾಯಿತು. ಕೊಲೆ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆಯಲ್ಲಿದ್ದಾಗಲೇ ವಿಲಿಯಮ್ಸ್ ತಮ್ಮ ಮೊದಲ ಬಂದೂಕುಗಳನ್ನು ತಯಾರಿಸಿದರು. ಎಂ1 ಕಾರ್ಬೈನ್‌ನ ಏಕೈಕ ಸೃಷ್ಟಿಕರ್ತ ಇವರೇ ಎಂಬ ನಂಬಿಕೆ ಪತ್ರಿಕೆ ಹಾಗೂ ಚಲನಚಿತ್ರದ ಮೂಲಕ ವ್ಯಾಪಕವಾಗಿ ಹರಡಿದೆ. ಆದರೆ ವಿಂಚೆಸ್ಟರ್ ಕಂಪನಿಯ ದಾಖಲೆಗಳು ಹೇಳುವ ಕಥೆ ಇದಕ್ಕಿಂತ ಭಿನ್ನವಾಗಿದೆ.

ಆರಂಭಿಕ ಜೀವನ

ವಿಲಿಯಮ್ಸ್ ಉತ್ತರ ಕೆರೊಲಿನಾ ರಾಜ್ಯದ ಕಂಬರ್‌ಲ್ಯಾಂಡ್ ಕೌಂಟಿಯಲ್ಲಿ ಜನಿಸಿದರು. ಇವರದು ಗಾಡ್ವಿನ್ ಎಂಬ ಸಣ್ಣ ಊರಿನ ಸಮೀಪ ಸಾಕಷ್ಟು ಜಮೀನು ಹೊಂದಿದ್ದ ಕೃಷಿಕ ಕುಟುಂಬ. ಬಾಲ್ಯದಲ್ಲಿ ಮನೆಯ ಹೊಲಗದ್ದೆಗಳಲ್ಲಿ ದುಡಿದ ಇವರಿಗೆ ಶಾಲೆಯ ಪಾಠಕ್ಕಿಂತ ಲೋಹದ ಕೆಲಸದಲ್ಲಿಯೇ ಆಸಕ್ತಿ ಹೆಚ್ಚು. ಎಂಟನೆಯ ತರಗತಿಯ ನಂತರ ಶಾಲೆ ಬಿಟ್ಟು ಕಮ್ಮಾರನೊಬ್ಬನ ಕುಲುಮೆಯಲ್ಲಿ ಕೆಲಸಕ್ಕೆ ಸೇರಿದರು. ಕಬ್ಬಿಣವನ್ನು ಕಾಯಿಸಿ ಬಡಿಯುವ, ಅರದಿಂದ ಉಜ್ಜಿ ಅಳತೆಗೆ ತರುವ ಕೌಶಲವನ್ನು ಇವರು ಕಲಿತದ್ದು ಅಲ್ಲಿಯೇ. ಎಂಜಿನಿಯರಿಂಗ್ ವಿಷಯದಲ್ಲಿ ಇವರಿಗೆ ಬೇರಾವ ಔಪಚಾರಿಕ ಶಿಕ್ಷಣವೂ ದೊರೆಯಲಿಲ್ಲ.

ಹದಿನೈದನೆಯ ವಯಸ್ಸಿನಲ್ಲಿ ವಯಸ್ಸನ್ನು ಹೆಚ್ಚಾಗಿ ಹೇಳಿ ಅಮೆರಿಕದ ನೌಕಾಪಡೆಗೆ ಸೇರಿದರು. ನಿಜಾಂಶ ತಿಳಿದ ನೌಕಾಪಡೆ ಕೆಲವೇ ದಿನಗಳಲ್ಲಿ ಇವರನ್ನು ಬಿಡುಗಡೆ ಮಾಡಿತು. 1917ರಲ್ಲಿ ವರ್ಜೀನಿಯಾದ ಬ್ಲ್ಯಾಕ್‌ಸ್ಟೋನ್ ಸೈನಿಕ ಶಾಲೆಗೆ ದಾಖಲಾದರೂ ಮೊದಲ ಅರ್ಧವರ್ಷವನ್ನೂ ಅಲ್ಲಿ ಪೂರೈಸಲಿಲ್ಲ. ಶಾಲೆಗೆ ಸೇರಿದ ಸರ್ಕಾರಿ ರೈಫಲ್‌ಗಳನ್ನು ಕದ್ದ ಆರೋಪದ ಮೇಲೆ ಇವರನ್ನು ಹೊರಹಾಕಲಾಯಿತು. 1918ರ ಆಗಸ್ಟ್‌ನಲ್ಲಿ ಮಾರ್ಗರೆಟ್ ಕುಕ್ ಅವರನ್ನು ವಿವಾಹವಾದರು. ದಂಪತಿಗೆ ಒಬ್ಬ ಮಗ. ಸಂಸಾರ ನಿರ್ವಹಣೆಗಾಗಿ ಕೆಲಕಾಲ ಅಟ್ಲಾಂಟಿಕ್ ಕೋಸ್ಟ್ ಲೈನ್ ರೈಲು ಕಂಪನಿಯಲ್ಲಿ ಕೂಲಿ ಕೆಲಸ ಮಾಡಿದರು.

ಉತ್ತರ ಕೆರೊಲಿನಾದಲ್ಲಿ 1909ರಿಂದಲೇ ಪಾನನಿಷೇಧ ಜಾರಿಯಲ್ಲಿತ್ತು. 1920ರಲ್ಲಿ ಅದು ಇಡೀ ದೇಶಕ್ಕೆ ವಿಸ್ತರಿಸಿತು. ಕಾಡಿನ ಮರೆಯಲ್ಲಿ ಕಳ್ಳಭಟ್ಟಿ ಇಳಿಸುವುದು ಆ ಭಾಗದಲ್ಲಿ ಅಪರೂಪದ ದಂಧೆಯೇನೂ ಆಗಿರಲಿಲ್ಲ. ವಿಲಿಯಮ್ಸ್ ಸಹ ಗಾಡ್ವಿನ್ ಬಳಿ ಒಂದು ಭಟ್ಟಿಯನ್ನು ನಡೆಸತೊಡಗಿದರು.

ಕೊಲೆ ಪ್ರಕರಣ

1921ರ ಜುಲೈ 22ರಂದು ಕೌಂಟಿಯ ಶೆರಿಫ್ ಮತ್ತು ಅವರ ಸಹಾಯಕರು ವಿಲಿಯಮ್ಸ್ ಅವರ ಭಟ್ಟಿಯ ಮೇಲೆ ದಾಳಿ ನಡೆಸಿದರು. ಅಲ್ಲಿದ್ದವರು ಕಾಡಿನೊಳಗೆ ಓಡಿಹೋದರು. ವಶಪಡಿಸಿಕೊಂಡ ಪಾತ್ರೆ, ಕೊಳವೆ ಹಾಗೂ ಮದ್ಯವನ್ನು ವಾಹನಕ್ಕೆ ಹೇರಿಕೊಂಡು ಅಧಿಕಾರಿಗಳು ಹಿಂದಿರುಗುತ್ತಿದ್ದಾಗ ಮರಗಳ ಮರೆಯಿಂದ ಗುಂಡುಗಳು ಹಾರಿದವು. ವಾಹನದ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ ಉಪ ಶೆರಿಫ್ ಆಲ್ಫ್ರೆಡ್ ಜಾಕ್ಸನ್ ಪೇಟ್ ಗುಂಡೇಟಿನಿಂದ ಮೃತಪಟ್ಟರು. ವಿಲಿಯಮ್ಸ್ ಮೇಲೆ ಪ್ರಥಮ ದರ್ಜೆಯ ಕೊಲೆಯ ಆರೋಪ ಹೊರಿಸಲಾಯಿತು. ಅಂದಿನ ಕಾನೂನಿನ ಪ್ರಕಾರ ಆ ಆರೋಪಕ್ಕೆ ಮರಣದಂಡನೆ ವಿಧಿಸಬಹುದಾಗಿತ್ತು.

ಅದೇ ವರ್ಷದ ಶರತ್ಕಾಲದಲ್ಲಿ ನಡೆದ ವಿಚಾರಣೆಯಲ್ಲಿ ಆರೋಪಿಗೆ ಮಾನಸಿಕ ಸ್ವಾಸ್ಥ್ಯವಿಲ್ಲವೆಂದು ಪ್ರತಿವಾದಿ ವಕೀಲರು ವಾದಿಸಿದರು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡನೆಯ ವಿಚಾರಣೆ ಆರಂಭವಾಗುವ ಮುನ್ನ ವಿಲಿಯಮ್ಸ್ ದ್ವಿತೀಯ ದರ್ಜೆಯ ಕೊಲೆಯ ತಪ್ಪೊಪ್ಪಿಗೆಗೆ ಸಮ್ಮತಿಸಿದರು. ಇವರಿಗೆ 20ರಿಂದ 30 ವರ್ಷಗಳ ಕಠಿಣ ಶಿಕ್ಷೆ ವಿಧಿಸಲಾಯಿತು. ಆ ದಿನ ಕಾಡಿನಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು. ಪೇಟ್ ಅವರಿಗೆ ತಗುಲಿದ ಗುಂಡು ಯಾರ ಬಂದೂಕಿನದೆಂಬುದನ್ನು ತಪ್ಪೊಪ್ಪಿಗೆಯ ಕಾರಣದಿಂದ ನ್ಯಾಯಾಲಯವು ಪೂರ್ಣ ವಿಚಾರಣೆಯ ಮೂಲಕ ತೀರ್ಮಾನಿಸುವ ಸಂದರ್ಭವೇ ಬರಲಿಲ್ಲ. ವಿಲಿಯಮ್ಸ್ ಅವರ ಜೀವನವನ್ನು ಸಾಹಸಗಾಥೆಯಂತೆ ಹೇಳುವ ಬರಹಗಳು ಈ ಭಾಗವನ್ನು ಬೇಗನೆ ದಾಟಿ ಮುಂದೆ ಹೋಗುವುದುಂಟು. ಕರ್ತವ್ಯದ ಮೇಲಿದ್ದ ಅಧಿಕಾರಿಯೊಬ್ಬರ ಸಾವು ಈ ಇಡೀ ಕಥೆಯ ಆರಂಭದಲ್ಲಿದೆ.

ಸೆರೆಮನೆಯ ವರ್ಷಗಳು

ವಿಲಿಯಮ್ಸ್ ತಮ್ಮ ಶಿಕ್ಷೆಯ ಬಹುಭಾಗವನ್ನು ಹ್ಯಾಲಿಫ್ಯಾಕ್ಸ್ ಕೌಂಟಿಯ ಕ್ಯಾಲಿಡೋನಿಯಾ ಸೆರೆಮನೆಯಲ್ಲಿ ಕಳೆದರು. ಇದು ನಾಲ್ಕು ಗೋಡೆಗಳ ಬಂದೀಖಾನೆಯಾಗಿರದೆ ಕೈದಿಗಳಿಂದ ಬೇಸಾಯ ಮಾಡಿಸುತ್ತಿದ್ದ ವಿಶಾಲವಾದ ಕೃಷಿಕ್ಷೇತ್ರವಾಗಿತ್ತು. ಕೃಷಿ ಉಪಕರಣಗಳನ್ನು ದುರಸ್ತಿಗೊಳಿಸುವ ಕಾರ್ಯಾಗಾರವೊಂದು ಅಲ್ಲಿತ್ತು. ಕೈದಿಯ ಕೈಚಳಕವನ್ನು ಗಮನಿಸಿದ ಅಧೀಕ್ಷಕ ಎಚ್.ಟಿ. ಪೀಪಲ್ಸ್ ಇವರನ್ನು ಆ ಕಾರ್ಯಾಗಾರದ ಕೆಲಸಕ್ಕೆ ಹಾಕಿದರು. ಕ್ರಮೇಣ ಕಾವಲುಗಾರರ ಬಂದೂಕುಗಳ ದುರಸ್ತಿಯೂ ವಿಲಿಯಮ್ಸ್ ಅವರ ಪಾಲಿಗೆ ಬಂತು. ಕೊಲೆಯ ಅಪರಾಧಿಗೆ ಬಂದೂಕನ್ನು ಕೈಗೊಪ್ಪಿಸುವ ಈ ನಿರ್ಧಾರ ಅಧೀಕ್ಷಕರ ಪಾಲಿಗೆ ಸಣ್ಣ ಅಪಾಯವೇನೂ ಆಗಿರಲಿಲ್ಲ.

ಬಿಡುವಿನ ವೇಳೆಯಲ್ಲಿ ಸಿಕ್ಕ ಕಾಗದಗಳ ಮೇಲೆ ಬಂದೂಕಿನ ನಕ್ಷೆಗಳನ್ನು ಬರೆಯುತ್ತಿದ್ದ ವಿಲಿಯಮ್ಸ್, ಅಧೀಕ್ಷಕರ ಒಪ್ಪಿಗೆ ಪಡೆದು ತಮ್ಮದೇ ರೈಫಲ್‌ಗಳನ್ನು ತಯಾರಿಸಲು ತೊಡಗಿದರು. ಹಳೆಯ ಫೋರ್ಡ್ ಕಾರಿನ ಅಚ್ಚು, ಟ್ರ್ಯಾಕ್ಟರ್‌ನ ಮುರಿದ ಭಾಗಗಳು, ಬೇಲಿಗೆ ನೆಟ್ಟಿದ್ದ ಆಕ್ರೋಟ್ ಮರದ ಕಂಬ ಮುಂತಾದ ಗುಜರಿ ಸಾಮಗ್ರಿಗಳನ್ನು ಇದಕ್ಕೆ ಬಳಸಿದರೆಂದು ಹೇಳಲಾಗುತ್ತದೆ. ಸೆರೆಮನೆಯಲ್ಲಿ ಇವರು ತಯಾರಿಸಿದ ಅರೆ-ಸ್ವಯಂಚಾಲಿತ ರೈಫಲ್‌ಗಳು ಒಟ್ಟು ನಾಲ್ಕು. ಬಂದೂಕು ತಂತ್ರಜ್ಞಾನದ ಮಾಹಿತಿಯನ್ನು ಹೊರಗಿನಿಂದ ಕಳುಹಿಸಿಕೊಡುತ್ತಿದ್ದವರು ಇವರ ತಾಯಿ. ಪೇಟೆಂಟ್ ವಕೀಲರೊಂದಿಗೆ ಸಂಪರ್ಕ ಏರ್ಪಟ್ಟದ್ದೂ ಅವರ ಮೂಲಕವೇ. ಮುಂದೆ ಇವರಿಗೆ ಹೆಸರು ತಂದ ಎರಡು ಯಾಂತ್ರಿಕ ಕಲ್ಪನೆಗಳು ಮೊಳೆತದ್ದು ಈ ವರ್ಷಗಳಲ್ಲಿಯೇ ಎಂದು ಪರಿಗಣಿಸಲಾಗಿದೆ.

ಇತ್ತ ಕುಟುಂಬದವರು ಶಿಕ್ಷೆಯ ಕಡಿತಕ್ಕಾಗಿ ಪ್ರಯತ್ನ ಆರಂಭಿಸಿದರು. ಇವರನ್ನು ಬಂಧಿಸಿದ್ದ ಶೆರಿಫ್ ಸಹ ಈ ಮನವಿಗೆ ಬೆಂಬಲ ನೀಡಿದರು. ಮೃತ ಪೇಟ್ ಅವರ ಪತ್ನಿಯೂ ಮನವಿಯನ್ನು ಬೆಂಬಲಿಸಿದ್ದು ಗಮನಾರ್ಹ. ರಾಜ್ಯದ ಗವರ್ನರ್ ಆಂಗಸ್ ಮೆಕ್ಲೀನ್ ಶಿಕ್ಷೆಯ ಅವಧಿಯನ್ನು ಕಡಿಮೆ ಮಾಡಿದರು. 1929ರ ಸೆಪ್ಟೆಂಬರ್‌ನಲ್ಲಿ ವಿಲಿಯಮ್ಸ್ ಬಿಡುಗಡೆಗೊಂಡು ಗಾಡ್ವಿನ್‌ಗೆ ಮರಳಿದರು.

ತೇಲುವ ಚೇಂಬರ್

ಬಿಡುಗಡೆಯ ನಂತರ ವಿಲಿಯಮ್ಸ್ ತಮ್ಮ ಕಲ್ಪನೆಗಳೊಂದಿಗೆ ವಾಷಿಂಗ್ಟನ್‌ಗೆ ತೆರಳಿ ಯುದ್ಧ ಇಲಾಖೆಯ ಗಮನ ಸೆಳೆದರು. ಆಗ ಸೇನೆಯ ಮುಂದೆ ಹಣಕಾಸಿಗೆ ಸಂಬಂಧಿಸಿದ ಒಂದು ಸಮಸ್ಯೆಯಿತ್ತು. ಮೆಷಿನ್‌ಗನ್ ತರಬೇತಿಯಲ್ಲಿ ಖರ್ಚಾಗುತ್ತಿದ್ದ .30 ಕ್ಯಾಲಿಬರ್‌ನ ತೋಟಾಗಳು ದುಬಾರಿ. ಅವುಗಳ ಬದಲು ಅತ್ಯಂತ ಅಗ್ಗದ .22 ತೋಟಾಗಳನ್ನು ಬಳಸಿದರೆ ದೊಡ್ಡ ಉಳಿತಾಯವಾಗುತ್ತಿತ್ತು. ಆದರೆ ಚಿಕ್ಕ ತೋಟಾದ ಹಿನ್ನೊದೆತ ಭಾರವಾದ ಮೆಷಿನ್‌ಗನ್‌ನ ಯಂತ್ರಭಾಗಗಳನ್ನು ಹಿಂದಕ್ಕೆ ತಳ್ಳುವಷ್ಟು ಬಲವಾಗಿರಲಿಲ್ಲ.

ವಿಲಿಯಮ್ಸ್ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಸಾಮಾನ್ಯವಾಗಿ ತೋಟಾ ಕೂರುವ ಚೇಂಬರ್ ನಳಿಗೆಯ ಹಿಂಭಾಗದಲ್ಲಿ ಅದರದೇ ಅಂಗವಾಗಿ ಕೊರೆಯಲ್ಪಟ್ಟಿರುತ್ತದೆ. ಇವರು ಅದನ್ನು ನಳಿಗೆಯಿಂದ ಬೇರ್ಪಡಿಸಿ, ಸ್ವಲ್ಪ ಹಿಂದೆ ಮುಂದೆ ಸರಿಯಬಲ್ಲ ಪ್ರತ್ಯೇಕ ಭಾಗವಾಗಿ ರೂಪಿಸಿದರು. ಗುಂಡು ಹಾರಿದಾಗ ಉಂಟಾಗುವ ಅನಿಲದ ಒಂದಂಶ ಚೇಂಬರ್ ಮತ್ತು ನಳಿಗೆಯ ನಡುವೆ ನುಸುಳಿ ಚೇಂಬರ್‌ನ ಮುಂಭಾಗವನ್ನು ಒತ್ತುತ್ತದೆ. ಆಗ ಚೇಂಬರೇ ಪಿಸ್ಟನ್‌ನಂತೆ ಹಿಂದಕ್ಕೆ ಚಿಮ್ಮಿ, ತೋಟಾದ ಸಹಜ ಹಿನ್ನೊದೆತಕ್ಕೆ ತನ್ನ ಬಲವನ್ನೂ ಸೇರಿಸುತ್ತದೆ. ಹೀಗೆ ಸಣ್ಣ ತೋಟಾ ದೊಡ್ಡ ಬಂದೂಕನ್ನು ನಡೆಸಲು ಶಕ್ತವಾಯಿತು.

ಕೋಲ್ಟ್ ಕಂಪನಿಯ ಏಸ್ ಪಿಸ್ತೂಲಿನ ಉದಾಹರಣೆಯಿಂದ ಈ ಸುಧಾರಣೆಯ ಮಹತ್ವ ತಿಳಿಯುತ್ತದೆ. ಸೇನೆಯ .45 ಪಿಸ್ತೂಲಿನ ಮಾದರಿಯಲ್ಲಿಯೇ .22 ತೋಟಾ ಹಾರಿಸುವಂತೆ 1931ರಲ್ಲಿ ತಂದಿದ್ದ ಮೊದಲ ಏಸ್‌ನಲ್ಲಿ ತೇಲುವ ಚೇಂಬರ್ ಇರಲಿಲ್ಲ. ದುರ್ಬಲ ತೋಟಾವನ್ನೇ ಸಂಪೂರ್ಣವಾಗಿ ಅವಲಂಬಿಸಿದ್ದುದರಿಂದ ಅದು ಆಗಾಗ್ಗೆ ನಡುವೆ ತಡೆಯುತ್ತಿತ್ತು. 1937ರಲ್ಲಿ ವಿಲಿಯಮ್ಸ್ ಅವರ ಚೇಂಬರ್ ಅಳವಡಿಸಿ ಹೊರತಂದ ಸರ್ವಿಸ್ ಏಸ್ ಹೆಚ್ಚು ನಂಬಿಕೆಗೆ ಅರ್ಹವಾಗಿತ್ತು. ದೊಡ್ಡ ಪಿಸ್ತೂಲಿನ ಹಿನ್ನೊದೆತದ ಅನುಭವವನ್ನೂ ತಕ್ಕಮಟ್ಟಿಗೆ ಅದು ನೀಡುತ್ತಿತ್ತು. ಮುಂದೆ ರೆಮಿಂಗ್ಟನ್ ಕಂಪನಿಯ 550 ಮಾದರಿಯ ರೈಫಲ್‌ನಲ್ಲಿ ಇದೇ ತತ್ವವನ್ನು ಬಳಸಿ, ಉದ್ದ ಮತ್ತು ಬಲದಲ್ಲಿ ಬೇರೆಬೇರೆಯಾದ ಮೂರು ಬಗೆಯ .22 ತೋಟಾಗಳು ಯಾವ ಹೊಂದಾಣಿಕೆಯೂ ಇಲ್ಲದೆ ಒಂದೇ ಬಂದೂಕಿನಲ್ಲಿ ನಡೆಯುವಂತೆ ಮಾಡಲಾಯಿತು.

ವಿಂಚೆಸ್ಟರ್ ಕಂಪನಿಯಲ್ಲಿ

1939ರಲ್ಲಿ ವಿಲಿಯಮ್ಸ್ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿದ್ದ ವಿಂಚೆಸ್ಟರ್ ಕಂಪನಿಗೆ ಸೇರಿದರು. ಸುಪ್ರಸಿದ್ಧ ವಿನ್ಯಾಸಕ ಜಾನ್ ಬ್ರೌನಿಂಗ್ ಅವರ ಮಲಸಹೋದರ ಎಡ್ ಬ್ರೌನಿಂಗ್ ಅಲ್ಲಿ ಅರೆ-ಸ್ವಯಂಚಾಲಿತ ಸೈನಿಕ ರೈಫಲ್ ಒಂದನ್ನು ರೂಪಿಸುತ್ತಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ನಿಧನರಾದ ಕಾರಣ ಕೆಲಸ ಅರ್ಧಕ್ಕೆ ನಿಂತಿತ್ತು. ಅದನ್ನು ಮುಂದುವರಿಸುವ ಹೊಣೆಯನ್ನು ವಿಲಿಯಮ್ಸ್ ಅವರಿಗೆ ವಹಿಸಲಾಯಿತು.

ಆ ರೈಫಲ್‌ನ ಅನಿಲ ವ್ಯವಸ್ಥೆ ತೃಪ್ತಿಕರವಾಗಿರಲಿಲ್ಲ. ವಿಲಿಯಮ್ಸ್ ಅದನ್ನು ತೆಗೆದುಹಾಕಿ ತಮ್ಮ ಗಿಡ್ಡ ಚಲನೆಯ ಪಿಸ್ಟನ್ನನ್ನು ಅಳವಡಿಸಿದರು. ಅನಿಲದಿಂದ ನಡೆಯುವ ಹಲವು ಬಂದೂಕುಗಳಲ್ಲಿ ಪಿಸ್ಟನ್ ಉದ್ದವಾಗಿದ್ದು, ಬೋಲ್ಟ್ ನಡೆಸುವ ಭಾಗಕ್ಕೆ ಜೋಡಿಸಿಕೊಂಡೇ ಇಡೀ ದೂರ ಹಿಂದೆ ಸರಿಯುತ್ತದೆ. ಜಾನ್ ಗ್ಯಾರಂಡ್ ಅವರ ಎಂ1 ರೈಫಲ್ ಇದಕ್ಕೆ ಉದಾಹರಣೆ. ವಿಲಿಯಮ್ಸ್ ಅವರ ವ್ಯವಸ್ಥೆಯಲ್ಲಿ ಪಿಸ್ಟನ್ ಹೆಬ್ಬೆರಳಿಗಿಂತ ಚಿಕ್ಕದು. ನಳಿಗೆಯ ಕೆಳಗಿನ ಗೂಡಿನಲ್ಲಿ ಕುಳಿತಿರುವ ಅದು ನಾಲ್ಕು ಮಿಲಿಮೀಟರಿಗೂ ಕಡಿಮೆ ದೂರ ಚಲಿಸಿ, ಹಿಂದಿರುವ ಸರಿಯುವ ಭಾಗಕ್ಕೆ ಸುತ್ತಿಗೆಯಂತೆ ಒಂದೇ ಏಟು ಕೊಟ್ಟು ನಿಲ್ಲುತ್ತದೆ. ಏಟಿನ ರಭಸದಲ್ಲಿ ಆ ಭಾಗ ಹಿಂದಕ್ಕೆ ಹೋಗಿ, ಸ್ವಲ್ಪ ದೂರ ಸರಿದ ನಂತರವಷ್ಟೇ ಬೋಲ್ಟ್ ಅನ್ನು ತಿರುಗಿಸಿ ತೆರೆಯುತ್ತದೆ. ಈ ತಡದಿಂದಾಗಿ ಗುಂಡು ನಳಿಗೆಯನ್ನು ಬಿಟ್ಟು ಒತ್ತಡ ಇಳಿಯಲು ಅವಕಾಶ ದೊರೆಯುತ್ತದೆ.

ಚಲಿಸುವ ಭಾಗಗಳ ತೂಕ ಕಡಿಮೆಯಾಯಿತು ಎಂಬುದು ಇದರ ಮೊದಲ ಲಾಭ. ನಳಿಗೆಯ ತುದಿಯವರೆಗೆ ಉದ್ದನೆಯ ಕೊಳವೆ ಹಾಗೂ ದಂಡ ಬೇಕಿಲ್ಲದಿರುವುದರಿಂದ ಬಂದೂಕನ್ನು ಗಿಡ್ಡವಾಗಿ, ಹಗುರವಾಗಿ ಕಟ್ಟಬಹುದು ಎಂಬುದು ಎರಡನೆಯದು. ಆದರೆ ಎರಡನೆಯ ಲಾಭಕ್ಕೆ ಎಷ್ಟು ಬೆಲೆಯಿದೆಯೆಂಬುದು ಅಂದು ಯಾರಿಗೂ ಪೂರ್ಣವಾಗಿ ತಿಳಿದಿರಲಿಲ್ಲ.

1940ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಮರೀನ್ ದಳ ನಡೆಸಿದ ಪರೀಕ್ಷೆಯಲ್ಲಿ ವಿಂಚೆಸ್ಟರ್‌ನ ಈ ರೈಫಲ್ ಗ್ಯಾರಂಡ್ ಮತ್ತು ಜಾನ್ಸನ್ ರೈಫಲ್‌ಗಳಿಗಿಂತ ಹಿಂದೆ ಬಿತ್ತು. ತರುವಾಯ ಗ್ಯಾರಂಡ್ ಮಾದರಿಯ ತಿರುಗುವ ಬೋಲ್ಟ್ ಹಾಕಿ ಅದನ್ನು ಪುನಃ ರೂಪಿಸಲಾಯಿತು. ಸುಧಾರಿತ ಮಾದರಿಯ ತೂಕ ಸುಮಾರು 3.4 ಕಿಲೋಗ್ರಾಂ. ಗ್ಯಾರಂಡ್ ರೈಫಲ್‌ಗಿಂತ ಇದು ಸುಮಾರು ಒಂದು ಕಿಲೋಗ್ರಾಂ ಹಗುರ.

ಎಂ1 ಕಾರ್ಬೈನ್‌ನ ನಿರ್ಮಾಣ

ಯುದ್ಧಭೂಮಿಯಲ್ಲಿ ಎಲ್ಲರೂ ಮುಂಚೂಣಿಯ ಕಾಲಾಳುಗಳಲ್ಲ. ಲಾರಿ ಚಾಲಕರು, ಸಂದೇಶ ವಿಭಾಗದವರು, ಫಿರಂಗಿ ಸಿಬ್ಬಂದಿ, ಮಾರ್ಟರ್ ಹೊರುವವರು ಮುಂತಾದವರಿಗೆ ಉದ್ದನೆಯ ರೈಫಲ್ ಹೊರೆಯಾಗುತ್ತಿತ್ತು. ಪಿಸ್ತೂಲನ್ನು ಕೊಟ್ಟರೆ ಇಪ್ಪತ್ತೈದು ಮೀಟರ್ ಆಚೆಗೆ ಅದರಿಂದ ಗುರಿ ಹೊಡೆಯುವುದು ಬಹುಪಾಲು ಸೈನಿಕರಿಗೆ ಸಾಧ್ಯವಿರಲಿಲ್ಲ. ಆದ್ದರಿಂದ ಎರಡರ ನಡುವಿನ ಹಗುರ ಬಂದೂಕೊಂದು ಬೇಕೆಂದು ಸೇನೆ 1940ರಲ್ಲಿ ನಿರ್ಧರಿಸಿತು. ತೂಕ ಸುಮಾರು 5 ಪೌಂಡ್, ಅಂದರೆ 2.3 ಕಿಲೋಗ್ರಾಂ ಮೀರಬಾರದು ಹಾಗೂ 300 ಗಜಗಳವರೆಗೆ ಪರಿಣಾಮಕಾರಿಯಾಗಿರಬೇಕು ಎಂಬುದು ಮುಖ್ಯ ಷರತ್ತು. ಇದಕ್ಕೆ ಬೇಕಾದ .30 ಕಾರ್ಬೈನ್ ತೋಟಾವನ್ನು ವಿಂಚೆಸ್ಟರ್ ಕಂಪನಿಯೇ ರೂಪಿಸಿಕೊಟ್ಟಿತು. 7 ಗ್ರಾಂ ತೂಕದ ಗುಂಡನ್ನು ಅದು ಸೆಕೆಂಡಿಗೆ ಸುಮಾರು 600 ಮೀಟರ್ ವೇಗದಲ್ಲಿ ಹಾರಿಸುತ್ತಿತ್ತು.

1941ರ ಬೇಸಿಗೆಯಲ್ಲಿ ನಡೆದ ಮೊದಲ ಪರೀಕ್ಷೆಗೆ ಹಲವು ವಿನ್ಯಾಸಕರು ತಮ್ಮ ಬಂದೂಕುಗಳನ್ನು ತಂದರು. ಯಾವುದೂ ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಗ್ಯಾರಂಡ್ ರೈಫಲ್ ತಯಾರಿಕೆಯಲ್ಲಿ ಮುಳುಗಿದ್ದ ವಿಂಚೆಸ್ಟರ್ ಆವರೆಗೆ ಸ್ಪರ್ಧೆಯಲ್ಲಿಯೇ ಇರಲಿಲ್ಲ. ಸೇನೆಯ ಶಸ್ತ್ರಾಸ್ತ್ರ ವಿಭಾಗದ ಕರ್ನಲ್ ರೆನೆ ಸ್ಟಡ್ಲರ್ ಅವರು ಕಂಪನಿಯ ಹಗುರ ರೈಫಲ್ ಅನ್ನು ನೋಡಿದ ನಂತರ ಅದನ್ನೇ ಕುಗ್ಗಿಸಿ ಕಾರ್ಬೈನ್ ಮಾಡುವ ಯೋಚನೆ ಮುಂದೆ ಬಂತು. ಕಂಪನಿಯ ಎಡ್ವಿನ್ ಪಗ್ಸ್ಲಿ ಈ ಕೆಲಸದ ಮೇಲ್ವಿಚಾರಣೆ ವಹಿಸಿದರು. ವಿಲಿಯಂ ರೋಮರ್ ಮತ್ತು ಫ್ರೆಡ್ ಹ್ಯೂಮ್‌ಸ್ಟನ್ ಎಂಬ ಇಬ್ಬರು ಎಂಜಿನಿಯರುಗಳು ಹಗಲಿರುಳು ದುಡಿದು, ಹಳೆಯ ವಿಂಚೆಸ್ಟರ್ ರೈಫಲ್ ಒಂದರ ಟ್ರಿಗರ್ ಭಾಗ, ಗ್ಯಾರಂಡ್ ಶೈಲಿಯ ಬೋಲ್ಟ್ ಮತ್ತು ವಿಲಿಯಮ್ಸ್ ಅವರ ಪಿಸ್ಟನ್ ಸೇರಿಸಿ ಮೊದಲ ಮಾದರಿಯನ್ನು ಕೇವಲ 13 ದಿನಗಳಲ್ಲಿ ಕಟ್ಟಿದರು.

ಈ ಹಂತದಲ್ಲಿ ವಿಲಿಯಮ್ಸ್ ತಂಡದಲ್ಲಿರಲಿಲ್ಲ. ಇತರರೊಂದಿಗೆ ಕೂಡಿ ಕೆಲಸ ಮಾಡುವುದು ಇವರ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ. ಹಲವು ವರ್ಷ ಏಕಾಂತದಲ್ಲಿ ತಾನೇ ನಕ್ಷೆ ಬರೆದು, ತಾನೇ ಅರೆದು, ತಾನೇ ಪರೀಕ್ಷಿಸಿದ್ದ ವ್ಯಕ್ತಿ ಇವರು. ಕಾರ್ಖಾನೆಯ ಶಿಸ್ತು ಹಾಗೂ ಗಡುವುಗಳು ಇವರಿಗೆ ಕಿರಿಕಿರಿ ತರುತ್ತಿದ್ದವು. ಸೆಪ್ಟೆಂಬರ್ ಪರೀಕ್ಷೆಗಾಗಿ ಸಿದ್ಧವಾಗುತ್ತಿದ್ದ ಎರಡನೆಯ ಮಾದರಿಯ ಕೊನೆಯ ಹಂತದಲ್ಲಿ ದೋಷಗಳು ಕಾಣಿಸಿಕೊಂಡಾಗ ಇವರು ನೆರವಾದರೂ, ಮುಖ್ಯವಾಗಿ ತಮ್ಮದೇ ಪ್ರತ್ಯೇಕ ಕಾರ್ಬೈನ್ ಒಂದರ ವಿನ್ಯಾಸದಲ್ಲಿ ತೊಡಗಿದ್ದರು. ಕಂಪನಿಯ ತಂಡದ ಬಂದೂಕು ಮೇರಿಲ್ಯಾಂಡ್‌ನ ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿ ಗೆದ್ದು, 1941ರ ಅಕ್ಟೋಬರ್‌ನಲ್ಲಿ ಎಂ1 ಕಾರ್ಬೈನ್ ಎಂಬ ಹೆಸರಿನಿಂದ ಅಧಿಕೃತವಾಯಿತು. ವಿಲಿಯಮ್ಸ್ ಅವರ ಸ್ವಂತ ಮಾದರಿ ಮುಗಿಯುವಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು. ಅದು ಆಯ್ಕೆಯಾದ ಬಂದೂಕಿಗಿಂತ ಒಂದು ಹೆಜ್ಜೆ ಮುಂದಿತ್ತೆಂದು ಪಗ್ಸ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಯುದ್ಧ ಹೊಸ್ತಿಲಿಗೆ ಬಂದಿದ್ದ ಹೊತ್ತಿನಲ್ಲಿ ಒಂದೆರಡು ತಿಂಗಳು ಕಾಯುವ ಸ್ಥಿತಿಯಲ್ಲಿ ಸೇನೆ ಇರಲಿಲ್ಲ.

ನಿಖರತೆ ಮತ್ತು ನಂಬಿಕೆಯ ಪ್ರಶ್ನೆ

ಎಂ1 ಕಾರ್ಬೈನ್‌ನ ಉದ್ದ ಸುಮಾರು 90 ಸೆಂಟಿಮೀಟರ್, ತೋಟಾ ತುಂಬದ ತೂಕ ಸುಮಾರು 2.4 ಕಿಲೋಗ್ರಾಂ, ಮ್ಯಾಗಜೀನ್‌ನಲ್ಲಿ 15 ತೋಟಾಗಳು. ಅದರ ಅನಿಲ ಪಿಸ್ಟನ್ ಅನ್ನು ಸೈನಿಕರು ಬಿಚ್ಚಿ ಸ್ವಚ್ಛಗೊಳಿಸುವಂತಿರಲಿಲ್ಲ. ಆ ಕಾಲದ ಬಹುತೇಕ ಅಮೆರಿಕನ್ ಸೈನಿಕ ತೋಟಾಗಳ ಕಿಡಿಮದ್ದು ತುಕ್ಕು ಹಿಡಿಸುವ ಉಳಿಕೆಯನ್ನು ಬಿಡುತ್ತಿತ್ತು. ಅದನ್ನೇ ಇಲ್ಲಿಯೂ ಬಳಸಿದ್ದರೆ ಪಿಸ್ಟನ್ ತನ್ನ ಗೂಡಿನಲ್ಲಿಯೇ ಕಚ್ಚಿಕೊಂಡು ಬಂದೂಕು ನಿಂತುಹೋಗುತ್ತಿತ್ತು. ಹೀಗಾಗಿ ಕಾರ್ಬೈನ್‌ನ ತೋಟಾಕ್ಕೆ ಆರಂಭದಿಂದಲೇ ತುಕ್ಕು ತರದ ಕಿಡಿಮದ್ದನ್ನು ಕಡ್ಡಾಯಗೊಳಿಸಲಾಯಿತು. ಬಂದೂಕಿನ ವಿಶ್ವಾಸಾರ್ಹತೆ ಅದರ ಲೋಹದಲ್ಲಿದ್ದಷ್ಟೇ ತೋಟಾದ ರಸಾಯನದಲ್ಲಿಯೂ ಇತ್ತು.

ಬಳಕೆಗೆ ಬಂದ ಮೇಲೆ ಕೆಲವು ಕೊರತೆಗಳು ಬೆಳಕಿಗೆ ಬಂದವು. ಮೊದಲ ಮಾದರಿಯ ಹಿಂಬದಿಯ ಸೈಟ್ ಕೇವಲ ಮಡಚುವ ಎಲೆಯಂತಿದ್ದು, 150 ಮತ್ತು 300 ಗಜ ಎಂಬ ಎರಡೇ ದೂರಗಳಿಗೆ ಹೊಂದಿಕೆಯಾಗುತ್ತಿತ್ತು. ಗಾಳಿಯ ಎಳೆತಕ್ಕೆ ತಕ್ಕಂತೆ ಸೈನಿಕ ಅದನ್ನು ಸುಲಭವಾಗಿ ಎಡಬಲಕ್ಕೆ ಸರಿಹೊಂದಿಸುವಂತಿರಲಿಲ್ಲ. ಇದರ ಸ್ಥಾನದಲ್ಲಿ ದೂರ ಮತ್ತು ದಿಕ್ಕು ಎರಡನ್ನೂ ಹೊಂದಿಸಬಹುದಾದ ಸೈಟ್ ಬಂದಿತು. ಸುರಕ್ಷಾ ಗುಂಡಿಯ ವಿಷಯ ಇನ್ನೂ ಗಂಭೀರ. ಅದು ಮ್ಯಾಗಜೀನ್ ಬಿಡಿಸುವ ಗುಂಡಿಯ ಪಕ್ಕದಲ್ಲಿಯೇ ಇತ್ತು. ಕತ್ತಲೆಯಲ್ಲಿ, ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿ ಸೈನಿಕ ತನ್ನ ಮ್ಯಾಗಜೀನನ್ನೇ ಕೆಳಗೆ ಬೀಳಿಸಿಕೊಳ್ಳುತ್ತಿದ್ದ. ಗುಂಡಿಯ ಬದಲು ತಿರುಗಿಸುವ ಸನ್ನೆ ಅಳವಡಿಸಿದ ನಂತರ ಈ ತೊಂದರೆ ನಿವಾರಣೆಯಾಯಿತು. ಯುದ್ಧದ ಕೊನೆಯ ಭಾಗದಲ್ಲಿ ನಳಿಗೆಯ ಪಟ್ಟಿಯಲ್ಲಿ ಬಯೊನೆಟ್ ಸಿಕ್ಕಿಸುವ ಕೊಂಡಿಯೂ ಸೇರಿತು. ಹಳೆಯ ಬಂದೂಕುಗಳನ್ನು ಶಸ್ತ್ರಾಗಾರಗಳಿಗೆ ಹಿಂದಕ್ಕೆ ತರಿಸಿ ಈ ಹೊಸ ಭಾಗಗಳನ್ನು ಜೋಡಿಸಲಾಯಿತು. ಆದ್ದರಿಂದ 1942ರ ಮೂಲರೂಪದಲ್ಲಿ ಉಳಿದಿರುವ ಕಾರ್ಬೈನ್‌ಗಳು ಇಂದು ಅಪರೂಪ.

ಪ್ಯಾರಾಟ್ರೂಪರ್‌ಗಳಿಗಾಗಿ ಮಡಚುವ ಹಿಡಿಯ ಎಂ1ಎ1, ನಿರಂತರವಾಗಿ ಗುಂಡು ಹಾರಿಸಬಲ್ಲ ಎಂ2, ಅವಕೆಂಪು ಕಿರಣದ ದರ್ಶಕ ಹೊತ್ತ ಎಂ3 ಇದೇ ವಿನ್ಯಾಸದ ಇತರ ರೂಪಗಳು. ಒಟ್ಟು ತಯಾರಿಕೆ 60 ಲಕ್ಷವನ್ನು ದಾಟಿತು. ದ್ವಿತೀಯ ಮಹಾಯುದ್ಧದಲ್ಲಿ ಅಮೆರಿಕ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ ಕೈಬಂದೂಕು ಇದೇ. ತಯಾರಕರ ಪಟ್ಟಿಯೂ ಕುತೂಹಲಕರ. ಜನರಲ್ ಮೋಟಾರ್ಸ್‌ನ ಇನ್‌ಲ್ಯಾಂಡ್ ವಿಭಾಗ 26 ಲಕ್ಷಕ್ಕೂ ಹೆಚ್ಚು ಹಾಗೂ ವಿಂಚೆಸ್ಟರ್ 8 ಲಕ್ಷಕ್ಕೂ ಹೆಚ್ಚು ಕಾರ್ಬೈನ್‌ಗಳನ್ನು ತಯಾರಿಸಿದವು. ಲೆಕ್ಕಯಂತ್ರಗಳ ಐಬಿಎಂ, ಟೈಪ್‌ರೈಟರ್‌ಗಳ ಅಂಡರ್‌ವುಡ್ ಹಾಗೂ ಜೂಕ್‌ಬಾಕ್ಸ್‌ಗಳ ರಾಕ್-ಓಲಾ ಕಂಪನಿಗಳೂ ಇದನ್ನು ತಯಾರಿಸಿದವು.

ಈ ಬಂದೂಕಿನ ಕೀರ್ತಿ ನಿಷ್ಕಳಂಕವೇನಲ್ಲ. 200 ಗಜಗಳ ಆಚೆಗೆ ಅದರ ಗುಂಡಿನ ಬಲ ಬೇಗನೆ ಕುಗ್ಗುತ್ತಿತ್ತು. ಕೊರಿಯಾ ಯುದ್ಧದ ಕಡುಚಳಿಯಲ್ಲಿ ಕಾರ್ಬೈನ್‌ಗಳು ತಡೆಯುತ್ತಿದ್ದವೆಂಬ ದೂರುಗಳು ಹೆಚ್ಚಾಗಿ ಬಂದವು. 30 ತೋಟಾಗಳ ಉದ್ದನೆಯ ಮ್ಯಾಗಜೀನ್‌ಗಳೂ ತೊಂದರೆ ಕೊಟ್ಟವು. ಕಾಲಾಳಿನ ರೈಫಲ್‌ನ ಕೆಲಸವನ್ನು ಅದರಿಂದ ನಿರೀಕ್ಷಿಸಿದ್ದೇ ಈ ಅಸಮಾಧಾನಕ್ಕೆ ಬಹುಮಟ್ಟಿಗೆ ಕಾರಣ. ಮೂಲತಃ ಅದು ಪಿಸ್ತೂಲಿನ ಸ್ಥಾನ ತುಂಬಲು ಹುಟ್ಟಿದ ಬಂದೂಕು.

ಶ್ರೇಯಸ್ಸಿನ ವಿವಾದ ಮತ್ತು ಚಲನಚಿತ್ರ

1951ರ ಮಾರ್ಚ್‌ನಲ್ಲಿ ಸೆರೆಮನೆಯ ಮಾಜಿ ಅಧೀಕ್ಷಕ ಪೀಪಲ್ಸ್ ಅವರ ಹೆಸರಿನಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯಲ್ಲಿ ವಿಲಿಯಮ್ಸ್ ಕುರಿತ ಲೇಖನ ಪ್ರಕಟವಾಯಿತು. ಮರುವರ್ಷ ಎಂಜಿಎಂ ಸಂಸ್ಥೆ ಕಾರ್ಬೈನ್ ವಿಲಿಯಮ್ಸ್ ಎಂಬ ಚಲನಚಿತ್ರವನ್ನು ಬಿಡುಗಡೆ ಮಾಡಿತು. ರಿಚರ್ಡ್ ಥೋರ್ಪ್ ನಿರ್ದೇಶಿಸಿದ ಈ ಚಿತ್ರದಲ್ಲಿ ಜೇಮ್ಸ್ ಸ್ಟುವರ್ಟ್ ವಿಲಿಯಮ್ಸ್ ಪಾತ್ರವನ್ನು, ಜೀನ್ ಹೇಗನ್ ಪತ್ನಿಯ ಪಾತ್ರವನ್ನು ನಿರ್ವಹಿಸಿದರು. ಚಿತ್ರವು ಕೈದಿಯೊಬ್ಬ ಏಕಾಂಗಿಯಾಗಿ ದೇಶಕ್ಕೊಂದು ಬಂದೂಕು ಕೊಟ್ಟನೆಂಬ ಚಿತ್ರಣವನ್ನು ಜನಮಾನಸದಲ್ಲಿ ನೆಲೆಗೊಳಿಸಿತು.

ಇದು ರೋಮರ್ ಮತ್ತು ಹ್ಯೂಮ್‌ಸ್ಟನ್ ಅವರಂತಹವರ ಶ್ರಮವನ್ನು ಮರೆಮಾಡಿತೆಂಬುದು ನಿಜ. ವಿಂಚೆಸ್ಟರ್ ಕಂಪನಿ ಬಹುಕಾಲ ಸಾರ್ವಜನಿಕವಾಗಿ ಈ ಚಿತ್ರಣವನ್ನು ಅಲ್ಲಗಳೆಯಲಿಲ್ಲ. ಆದರೆ 1951ರ ಆಂತರಿಕ ಟಿಪ್ಪಣಿಯೊಂದರಲ್ಲಿ, ಇದೇ ತತ್ವದ ಹಿಂದಿನ ಪೇಟೆಂಟ್ ಒಂದು ಅಧಿಕಾರಿಗಳ ಗಮನಕ್ಕೆ ಬಾರದೆ ಗಿಡ್ಡ ಪಿಸ್ಟನ್‌ನ ಪೇಟೆಂಟ್ ವಿಲಿಯಮ್ಸ್ ಅವರಿಗೆ ದೊರೆತಿರಬಹುದೆಂಬ ಸಂದೇಹವನ್ನು ಕಂಪನಿ ದಾಖಲಿಸಿತ್ತು. ಪಗ್ಸ್ಲಿ ತಮ್ಮ ಜೀವನದ ಕೊನೆಯ ವರ್ಷಗಳಲ್ಲಿ ನೀಡಿದ ವಿವರಣೆಯಲ್ಲಿ, ಕಾರ್ಬೈನ್ ಯಾವ ಒಬ್ಬ ವ್ಯಕ್ತಿಯ ಸೃಷ್ಟಿಯೂ ಅಲ್ಲ, ಹಲವು ಎಂಜಿನಿಯರುಗಳ ಸಾಮೂಹಿಕ ಪ್ರಯತ್ನದ ಫಲವೆಂದು ಸ್ಪಷ್ಟಪಡಿಸಿದರು. ವಿಲಿಯಮ್ಸ್ ಒಂಟಿಯಾಗಿ ಸಾಗಲು ಬಯಸಿದ್ದು ಯೋಜನೆಗೆ ತೊಡಕಾಯಿತೆಂಬುದೂ ಅವರ ಅಭಿಪ್ರಾಯವಾಗಿತ್ತು. ಹಾಗಿದ್ದರೂ ಪಿಸ್ಟನ್‌ನ ವಿಷಯದಲ್ಲಿ ವಿಲಿಯಮ್ಸ್ ಅವರ ಪಾಲನ್ನು ಕಡೆಗಣಿಸಲಾಗದು. ಅದಿಲ್ಲದೆ ಐದು ಪೌಂಡಿನ ಮಿತಿಯೊಳಗೆ ಆ ಬಂದೂಕನ್ನು ಅಷ್ಟು ಬೇಗ ಕಟ್ಟುವುದು ಸುಲಭವಿರಲಿಲ್ಲ.

ನಂತರದ ಜೀವನ ಮತ್ತು ನಿಧನ

ಯುದ್ಧಾನಂತರವೂ ವಿಲಿಯಮ್ಸ್ ವಿನ್ಯಾಸದ ಕೆಲಸ ಮುಂದುವರಿಸಿದರು. 1954ರಲ್ಲಿ ಮಾರುಕಟ್ಟೆಗೆ ಬಂದ ವಿಂಚೆಸ್ಟರ್ 50 ಮಾದರಿಯ ಅರೆ-ಸ್ವಯಂಚಾಲಿತ ಶಾಟ್‌ಗನ್‌ನಲ್ಲಿ ಇವರ ತೇಲುವ ಚೇಂಬರ್‌ನ ತತ್ವವನ್ನು ಬಳಸಲಾಗಿದೆ. ಕೊನೆಯ ದಶಕಗಳಲ್ಲಿ ಗಾಡ್ವಿನ್‌ನ ತಮ್ಮ ಕಾರ್ಯಾಗಾರವೇ ಇವರ ಲೋಕವಾಗಿತ್ತು. 1971ರಲ್ಲಿ ಆ ಕಾರ್ಯಾಗಾರವನ್ನು ಅದರೊಳಗಿದ್ದ ಉಪಕರಣಗಳು ಹಾಗೂ ಬಂದೂಕುಗಳ ಸಮೇತ ರಾಜಧಾನಿ ರಾಲಿಯಲ್ಲಿರುವ ಉತ್ತರ ಕೆರೊಲಿನಾ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ನೀಡಲಾಯಿತು.

ಆರೋಗ್ಯ ಕ್ಷೀಣಿಸಿದ ಮೇಲೆ ಇವರನ್ನು ರಾಲಿಯ ಡೊರೊಥಿಯಾ ಡಿಕ್ಸ್ ಆಸ್ಪತ್ರೆಗೆ ಸೇರಿಸಲಾಯಿತು. 1975ರ ಜನವರಿ 8ರಂದು ಅಲ್ಲಿಯೇ ನಿಧನರಾದರು. ಇವರ ಸಮಾಧಿ ಗಾಡ್ವಿನ್‌ಗೆ ಸಮೀಪದ ಓಲ್ಡ್ ಬ್ಲಫ್ ಪ್ರೆಸ್ಬಿಟೇರಿಯನ್ ಚರ್ಚಿನ ರುದ್ರಭೂಮಿಯಲ್ಲಿದೆ. ಕಾರ್ಯಾಗಾರವಿದ್ದ ಸ್ಥಳದ ಹತ್ತಿರ ರಾಜ್ಯ ಸರ್ಕಾರ ಹೆದ್ದಾರಿಯ ಬದಿಯಲ್ಲಿ ನೆಟ್ಟಿರುವ ಸ್ಮಾರಕ ಫಲಕವು ಇವರನ್ನು ಗಿಡ್ಡ ಚಲನೆಯ ಪಿಸ್ಟನ್‌ನ ವಿನ್ಯಾಸಕ ಎಂದು ಗುರುತಿಸುತ್ತದೆ.